ಒಂದು ಗಂಟೆಯ ದಾರಿ

ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ಬಗೆಯೇ ಬೇರೆ. ‘ಆ ಊರು ಎಷ್ಟು ದೂರ?’ ಎಂದು ದಾರಿಹೋಕನು ಕೇಳಿದರೆ ‘ಇಲ್ಲೇ, ಒಂದು ಕೂಗಳತೆ’ ಎನ್ನುವರು. ಅದಕ್ಕಿಂತ ಹೆಚ್ಚಾದರೆ ಹರದಾರಿಯ ಲೆಕ್ಕ ಹೇಳುವರು. ಇನ್ನೂ ಹೆಚ್ಚಾದರೆ ಗಾವುದದ ಲೆಕ್ಕ. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಅಂಥ ನಾಲ್ಕು ಹರದಾರಿ ಕೂಡಿದರೆ ಒಂದು ಗಾವುದ. ಆದರೆ ಕೂಗಳತೆಯನ್ನು ಮೈಲಿಗೆ ತಿರುಗಿಸುವುದು ಸಾಧ್ಯವಿಲ್ಲ. ಕೂಗುವವನ ಕಂಠ, ಗಾಳಿಯ ದಿಕ್ಕು, ಕೇಳುವವನ ಕಿವಿ ಇವು ಮೂರೂ ಸೇರಿ ಆದ ಅಳತೆ ಅದು. ತರಗತಿಯಲ್ಲಿ ಈ ಶಬ್ದ ಬಂದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಹಲವು ವರ್ಷ ನಾನೂ ಅವರೊಡನೆ ನಕ್ಕವನೇ. ಈಗ ನಗುವುದಿಲ್ಲ. ಅದಕ್ಕೆ ಕಾರಣವೇನೆಂಬುದನ್ನು ವಾಚಕರ ಮುಂದೆ ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ನಾನು ಯಾದಗಿರಿಯಲ್ಲಿ ಕನ್ನಡ ಕಲಿಸುವವನು, ನನ್ನ ತಾಯಿಯ ಮನೆ ಸುರಪುರದಲ್ಲಿ, ನಡುವೆ ಶಹಾಪುರ. ನನ್ನ ಬದುಕಿನ ಬಹುಭಾಗ ಈ ಮೂರು ಊರುಗಳ ನಡುವಿನ ಬಸ್ಸುಗಳಲ್ಲಿಯೇ ಕಳೆದಿದೆ ಎಂದರೆ ಅತಿಶಯೋಕ್ತಿಯಾಗದು. ಯಾದಗಿರಿ ಭೀಮಾ ನದಿಯ ಉತ್ತರದ ದಡದ ಕಡೆಗಿದೆ. ಹೊಳೆ ದಾಟಿ ಪಶ್ಚಿಮಕ್ಕೆ ನಡೆದರೆ ಶಹಾಪುರ, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಸುರಪುರ. ಈ ಎರಡೂ ಊರುಗಳು ಕೃಷ್ಣಾ-ಭೀಮಾ ನದಿಗಳ ನಡುವಣ ನಾಡಿನಲ್ಲಿವೆ. ನಕಾಶೆಯ ಮೇಲೆ ಅಳತೆಪಟ್ಟಿಯಿಟ್ಟು ನೋಡಿದರೆ ಯಾದಗಿರಿಗೂ ಸುರಪುರಕ್ಕೂ ನಡುವೆ ನೇರಗೆರೆಯಲ್ಲಿ ಐವತ್ತು ಕಿಲೋಮೀಟರಿಗಿಂತ ತುಸು ಕಡಿಮೆ. ರಸ್ತೆಯಲ್ಲಿ ಸುಮಾರು ಅರವತ್ತು. ಈ ಹತ್ತು ಹನ್ನೊಂದು ಕಿಲೋಮೀಟರಿನ ವ್ಯತ್ಯಾಸಕ್ಕೆ ಯಾರೂ ಅಳಬೇಕಾಗಿಲ್ಲ. ನೇರಗೆರೆ ಕಾಗದಕ್ಕೆ ಸೇರಿದ್ದು, ರಸ್ತೆ ನೆಲಕ್ಕೆ ಸೇರಿದ್ದು. ಗುಡ್ಡವಿದ್ದಲ್ಲಿ ರಸ್ತೆ ಬಳಸಿ ಹೋಗಲೇಬೇಕು, ಹೊಳೆಯಿದ್ದಲ್ಲಿ ಸೇತುವೆಯಿದ್ದ ಕಡೆಗೆ ತಿರುಗಲೇಬೇಕು.

ಆದರೆ ಬೆಂಗಳೂರಿನ ದೂರ ಅಂಥದಲ್ಲ. ಬೆಂಗಳೂರಿನಿಂದ ಸುರಪುರಕ್ಕೆ ನೇರಗೆರೆಯಲ್ಲಿ ನಾನೂರು ಕಿಲೋಮೀಟರು; ರಸ್ತೆಯಲ್ಲಿ ಹೋದರೆ ಐನೂರಕ್ಕೆ ಸಮೀಪ. ಸುರಪುರ, ಶಹಾಪುರಗಳಿಗೆ ರೈಲು ಇನ್ನೂ ಬಂದಿಲ್ಲ. ರೈಲಿನಲ್ಲಿ ಬರುವವರು ಯಾದಗಿರಿಯಲ್ಲಿಳಿದು ಬಸ್ಸು ಹಿಡಿಯಬೇಕು. ಉಳಿದವರಿಗೆ ರಾತ್ರಿಯ ಬಸ್ಸೇ ಗತಿ.

2022ರಲ್ಲಿ ಯಾವುದೋ ಕಾಲೇಜು ಕೆಲಸದ ನಿಮಿತ್ತ ನಾನು ನಾಲ್ಕಾರು ದಿನ ಬೆಂಗಳೂರಿನಲ್ಲಿ ಇರಬೇಕಾಗಿ ಬಂದಿತು. ರಾಜಾಜಿನಗರದಲ್ಲಿ ಸಹಪಾಠಿಯೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆ. ಒಂದು ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕುಳಿತಿದ್ದಾಗ ಸುರಪುರದಿಂದ ನಮ್ಮ ಅಕ್ಕನ ಫೋನು ಬಂದಿತು. ಎಂಬತ್ತರ ಸಮೀಪದ ನಮ್ಮ ಅವ್ವ ಎರಡು ವಾರಗಳಿಂದ ಹಾಸಿಗೆ ಹಿಡಿದಿದ್ದಳು. ವೈದ್ಯರು ಇನ್ನು ಮನೆಯಲ್ಲಿಯೇ ಇರಲೆಂದು ಕಳುಹಿಸಿದ್ದರು. ಅಕ್ಕ ಹೆಚ್ಚು ಮಾತನಾಡಲಿಲ್ಲ. ‘ಸಂಜಿಯಿಂದ ನಿನ್ನ ಹೆಸರೇ ತೆಗೀಲಾಕತ್ತಾಳ. ಹೊಂಟು ಬಾ’ ಎಂದಳು, ಅಷ್ಟೆ.

ನಾನು ಕೈತೊಳೆದುಕೊಂಡು ಎದ್ದೆ. ಯಾದಗಿರಿಯ ಕಡೆಗೆ ಹೋಗುವ ರಾತ್ರಿಯ ರೈಲು ಆಗಲೇ ಹೊರಟುಹೋಗಿತ್ತು. ಬಸ್ಸು ಇದ್ದೀತು, ಆದರೆ ಆಸನ ಸಿಕ್ಕುವ ಭರವಸೆಯಿರಲಿಲ್ಲ. ಆಗ ನನ್ನ ಸ್ನೇಹಿತರು ಬಹಳ ವಿವೇಕದ ಮಾತೆಂಬಂತೆ ಹೇಳಿದರು: ‘ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡಿಕೊಂಡು ಏಕೆ ಹೋಗುತ್ತೀರಿ? ಬೆಳಿಗ್ಗೆ ಕಲಬುರಗಿಗೆ ವಿಮಾನವಿದೆ. ಕೇವಲ ಒಂದು ಗಂಟೆಯ ದಾರಿ.’ ಅವರೇ ತಮ್ಮ ಫೋನಿನಲ್ಲಿ ಟಿಕೆಟ್ಟನ್ನೂ ಕೊಂಡರು. ಹಣವನ್ನು ಆಮೇಲೆ ಕೊಡಿ ಎಂದರು. ಅವರ ಔದಾರ್ಯಕ್ಕೆ ನಾನು ಇಂದಿಗೂ ಋಣಿ. ತಪ್ಪು ಅವರದಲ್ಲ. ‘ಒಂದು ಗಂಟೆ’ ಎಂಬ ಮಾತು ನನ್ನ ಮನಸ್ಸನ್ನು ಹಿಡಿದುಬಿಟ್ಟಿತು. ಹತ್ತು ಗಂಟೆಯ ಎದುರಿಗೆ ಒಂದು ಗಂಟೆ! ಲೆಕ್ಕ ಬಲ್ಲ ಯಾವನು ತಾನೆ ಬಸ್ಸನ್ನು ಆರಿಸಿಕೊಂಡಾನು?

ಕಲಬುರಗಿಯ ವಿಮಾನನಿಲ್ದಾಣ ತೆರೆದದ್ದು 2019ರ ನವೆಂಬರ್ 22ರಂದು. ಅಂದೇ ಬೆಂಗಳೂರಿನಿಂದ ಮೊದಲ ವಿಮಾನ ಅಲ್ಲಿಗೆ ಬಂದಿಳಿಯಿತು. ಸಣ್ಣ ಪಟ್ಟಣಗಳಿಗೂ ವಿಮಾನ ಬರಲೆಂದು ಕೇಂದ್ರ ಸರ್ಕಾರ ಹೂಡಿದ ‘ಉಡಾನ್’ ಯೋಜನೆಯ ಫಲ ಅದು. ಆ ದಿನ ನಮ್ಮ ಭಾಗದ ಜನ ಪಟ್ಟ ಸಂತೋಷವನ್ನು ನಾನು ಬಲ್ಲೆ; ನಾನೂ ಪಟ್ಟವನೇ. ಆದರೆ ನಾನು ವಿಮಾನ ಹತ್ತಿದ್ದು ಮಾತ್ರ ಈ ಸಲವೇ ಮೊದಲು.

ಮರುದಿನ ಬೆಳಗಿನ ಏಳೂವರೆಗೆ ರಾಜಾಜಿನಗರದಿಂದ ಹೊರಟೆ. ದೇವನಹಳ್ಳಿಯ ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ಒಂಬತ್ತು. ಸಾಲಿನಲ್ಲಿ ನಿಂತು, ಸೊಂಟದ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ, ಇನ್ನೊಂದು ಸಾಲಿನಲ್ಲಿ ನಿಂತು ಆಸನದಲ್ಲಿ ಕುಳಿತುಕೊಳ್ಳುವಷ್ಟರಲ್ಲಿ ಹನ್ನೊಂದು ಸಮೀಪಿಸಿತ್ತು. ಐವತ್ತು ಜನ ಹಿಡಿಸುವ ಸಣ್ಣ ಜೆಟ್ ವಿಮಾನ. ಇಂಥ ವಿಮಾನ ಮೇಲೇರಿದ ಬಳಿಕ ಗಂಟೆಗೆ ಎಂಟುನೂರು ಕಿಲೋಮೀಟರಿನ ಸುಮಾರಿಗೆ ಹಾರಬಲ್ಲದು. ದೇವನಹಳ್ಳಿಯಿಂದ ಕಲಬುರಗಿಯ ನಿಲ್ದಾಣಕ್ಕೆ ನೇರಗೆರೆಯಲ್ಲಿ ಸುಮಾರು 460 ಕಿಲೋಮೀಟರು. ಆ ಲೆಕ್ಕದಲ್ಲಿ ಮೂವತ್ತೈದು ನಿಮಿಷ ಸಾಕು. ಹಾಗಾದರೆ ಒಂದು ಗಂಟೆಯ ಮೇಲೆ ಏಕೆ ಬೇಕಾಗುತ್ತದೆ? ನೆಲದ ಮೇಲೆ ಉರುಳುತ್ತ ಹೋಗಿ ಹಾರುವ ಹಾದಿಯನ್ನು ಸೇರಬೇಕು; ಮೆಲ್ಲಗೆ ಮೇಲೇರಬೇಕು; ಏರಿ ಮುಗಿಯುವುದರೊಳಗೆ ಇಳಿಯುವ ಸಿದ್ಧತೆಯಾಗಬೇಕು; ಗಾಳಿಯ ದಿಕ್ಕು ನೋಡಿಕೊಂಡು ಬಳಸಿ ಬಂದು ಇಳಿಯಬೇಕು. ಪೂರ್ಣವೇಗದಲ್ಲಿ ಹಾರುವ ಹೊತ್ತು ಬಹಳ ಸ್ವಲ್ಪ. ಆದುದರಿಂದಲೇ ವಿಮಾನದವರು ಹೇಳುವ ಪ್ರಯಾಣಕಾಲ ರೆಕ್ಕೆಯ ಲೆಕ್ಕವಲ್ಲ, ಗಾಲಿಯ ಲೆಕ್ಕ: ಗಾಲಿ ಕದಲಿದಂದಿನಿಂದ ಗಾಲಿ ನಿಂತವರೆಗೆ. ದಾರಿ ಗಿಡ್ಡವಾದಷ್ಟೂ ವೇಗದ ಪ್ರಯೋಜನ ಕಡಿಮೆ ಎಂಬ ಸತ್ಯವನ್ನು ನಾನು ಅಂದು ಆಕಾಶದಲ್ಲಿ ಕುಳಿತು ಕಲಿತೆ.

ಕಿಟಕಿಯ ಬಳಿ ಆಸನ ದೊರೆತಿತ್ತು. ತುಂಗಭದ್ರೆಯನ್ನೂ ಕೃಷ್ಣೆಯನ್ನೂ ದಾಟಿದ್ದು ತಿಳಿಯಿತು. ಇನ್ನು ಹತ್ತು ನಿಮಿಷಕ್ಕೆ ಇಳಿಯುವೆವೆಂದು ಹೇಳುವ ಹೊತ್ತಿಗೆ ಕೆಳಗೆ ಹೊಳೆಯೊಂದರ ಬಾಗು, ಅದರ ದಡದಾಚೆ ಕಲ್ಲುಗುಡ್ಡವೊಂದಕ್ಕೆ ಒರಗಿದ ಪಟ್ಟಣ ಕಂಡಿತು. ಮೊದಲು ಗುರುತು ಸಿಗಲಿಲ್ಲ. ದಿನವೂ ಕೆಳಗಿನಿಂದ ನೋಡುವವನಿಗೆ ಮೇಲಿನಿಂದ ತನ್ನ ಊರೇ ಪರಕೀಯವಾಗುವುದು ಸಹಜ. ಆಮೇಲೆ ತಿಳಿಯಿತು: ಅದು ಭೀಮಾ ನದಿ, ಆ ಗುಡ್ಡ ಯಾದಗಿರಿಯ ಕೋಟೆಯ ಗುಡ್ಡ. ನಕಾಶೆಯ ಮೇಲೆ ದೇವನಹಳ್ಳಿಯಿಂದ ಕಲಬುರಗಿಯ ನಿಲ್ದಾಣಕ್ಕೆ ಗೆರೆ ಎಳೆದು ನೋಡಿರಿ. ಅದು ಯಾದಗಿರಿಯ ಮಗ್ಗುಲಿಗೇ, ಏಳೆಂಟು ಕಿಲೋಮೀಟರಿನ ಅಂತರದಲ್ಲಿ ಹಾಯ್ದುಹೋಗುತ್ತದೆ. ಎಡಗಡೆಗೆ, ಮಬ್ಬಿನಲ್ಲಿ, ಶಹಾಪುರದ ಬೆಟ್ಟಸಾಲು. ಅದರಾಚೆಗೆ ಸುರಪುರ, ಅಲ್ಲಿ ಅವ್ವ. ವಿಮಾನ ಮಾತ್ರ ನನ್ನ ಊರನ್ನು ಹಿಂದೆ ಹಾಕಿ, ಇನ್ನೂ ಅರವತ್ತು ಕಿಲೋಮೀಟರು ಉತ್ತರಕ್ಕೆ ನನ್ನನ್ನು ಹೊತ್ತುಕೊಂಡು ಹೋಯಿತು.

ಆಗ ನನಗೆ ಮೇಘದೂತದ ನೆನಪಾಯಿತು. ಬೇಂದ್ರೆಯವರು ಅದನ್ನು ಕನ್ನಡಕ್ಕೆ ತಂದಿರುವುದು ವಾಚಕರಿಗೆ ತಿಳಿದೇ ಇದೆ. ರಾಮಗಿರಿಯಿಂದ ಅಲಕೆಗೆ ಮೋಡವನ್ನು ಕಳುಹಿಸುವ ಯಕ್ಷನು ದಾರಿಯನ್ನು ವಿವರಿಸುತ್ತ, ನಿನ್ನ ಹಾದಿಗೆ ಸೊಟ್ಟವಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ನೋಡದೆ ಹೋಗಬೇಡ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ನೇರ ದಾರಿಯಿದ್ದೂ ಪ್ರೀತಿಗಾಗಿ ಬಳಸುವುದು ಒಂದು ಬಗೆ. ಪ್ರೀತಿಯ ಊರು ಕಣ್ಣೆದುರಿಗೆ ಇದ್ದೂ ಇಳಿಯುವ ಜಾಗವಿಲ್ಲದೆ ಮುಂದೆ ಸಾಗುವುದು ಇನ್ನೊಂದು ಬಗೆ. ಮೋಡ ಬಯಸಿದಲ್ಲಿ ತಂಗಬಲ್ಲದು. ವಿಮಾನಕ್ಕೆ ಆ ಸ್ವಾತಂತ್ರ್ಯವಿಲ್ಲ. ಈ ವ್ಯತ್ಯಾಸವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಅಂದಿನವರೆಗೆ ಗಮನಿಸಿರಲಿಲ್ಲ.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಗಾಲಿ ನಿಂತಿತು. ಹೊರಗೆ ಬಂದು ಬಾಡಿಗೆಯ ಕಾರು ಗೊತ್ತುಮಾಡಿಕೊಂಡು ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ. ಕಲಬುರಗಿ ನಗರವನ್ನು ಹಾಯ್ದು, ಜೇವರ್ಗಿಯ ದಾರಿ ಹಿಡಿದು, ಮೇಲಿನಿಂದ ದಾಟಿದ್ದ ಅದೇ ಭೀಮೆಯನ್ನು ಸೇತುವೆಯ ಮೇಲೆ ಮತ್ತೆ ದಾಟಿ ದಕ್ಷಿಣಕ್ಕೆ ಬಂದೆ. ಹೋದ ದಾರಿಯನ್ನೇ ನೆಲದ ಮೇಲೆ ಹಿಂದಕ್ಕೆ ಬರುವ ಪ್ರಯಾಣ ಅದು. ನಿಲ್ದಾಣದಿಂದ ಸುರಪುರಕ್ಕೆ ಸುಮಾರು ನೂರಿಪ್ಪತ್ತೈದು ಕಿಲೋಮೀಟರು. ಜೇವರ್ಗಿ ದಾಟಿತು, ಹತ್ತಿಯ ಹೊಲಗಳು, ತೊಗರಿಯ ಹೊಲಗಳು ಬಂದವು, ಶಹಾಪುರ ಬಂದಿತು. ಬುದ್ಧನು ಮಲಗಿದಂತೆ ಕಾಣುವ ಅಲ್ಲಿಯ ಬೆಟ್ಟವನ್ನು ನಾನು ಯಾವಾಗಲೂ ನಿಂತು ನೋಡುವವನು, ಅಂದು ನೋಡಲಿಲ್ಲ.

ಶಹಾಪುರದ ಸಮೀಪದಲ್ಲಿ ವಿಭೂತಿಹಳ್ಳಿಯೆಂಬ ಊರಿದೆ. ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಸಾಲುಸಾಲಾಗಿ, ಸರಿಸುಮಾರು ಸಮಾನ ಅಂತರದಲ್ಲಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸವೆಂದು ವಿದ್ವಾಂಸರು ಹೇಳುತ್ತಾರೆ. ಸೂರ್ಯನ ಗತಿಯನ್ನು ಗುರುತಿಸುವುದಕ್ಕಾಗಿ ಇಟ್ಟಿರಬಹುದೆಂದು ಕೆಲವರು ಊಹಿಸಿದ್ದಾರೆ. ಒಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಒಬ್ಬ ಹುಡುಗಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸುತ್ತ ನಡೆದದ್ದು ಕಾರಿನಲ್ಲಿ ಕುಳಿತಿದ್ದ ನನಗೆ ನೆನಪಾಯಿತು. ಆ ಪ್ರಾಚೀನರಿಗೆ ಕಾಲೇ ಅಳತೆಗೋಲು. ಸುಳ್ಳು ಹೇಳದ ಅಳತೆಗೋಲೂ ಅದೇ ಇರಬೇಕು.

ಸುರಪುರದ ಮನೆಯ ಮುಂದೆ ಕಾರು ನಿಂತಾಗ ಸಂಜೆಯ ನಾಲ್ಕು ಗಂಟೆ. ಬಾಗಿಲಲ್ಲಿ ನನ್ನನ್ನು ಎದುರುಗೊಂಡವನು ನಮ್ಮ ಅಕ್ಕನ ಮಗ. ಅವನು ಬೆಂಗಳೂರಿನಲ್ಲಿ ಗಾರೆಕೆಲಸ ಮಾಡುವ ಹುಡುಗ. ಈ ಭಾಗದ ಸಾವಿರಾರು ಜನರಂತೆ ಬಿತ್ತನೆಗೂ ಜಾತ್ರೆಗೂ ಊರಿಗೆ ಬಂದು ಮತ್ತೆ ದುಡಿಯಲಿಕ್ಕೆ ಹೋಗುವವನು. ಅವನನ್ನು ಅಲ್ಲಿ ಕಂಡು ನಾನು ಬೆರಗಾದೆ.

‘ನೀ ಯಾವಾಗ ಬಂದ್ಯೋ?’ ಎಂದೆ.

‘ಮುಂಜಾನೆ ಒಂಬತ್ತಕ್ಕ ಬಂದೀನಿ ಮಾವ. ಅವ್ವ ನನಗೂ ಆಗಲೇ ಫೋನ್ ಮಾಡಿದ್ಲು. ಹತ್ತೂವರಿ ಬಸ್ ಸಿಕ್ತು. ಸೀಟ್ ಇರಲಿಲ್ಲ, ಡ್ರೈವರ್ ಬಾಜೂಕ ಕುಂತು ಬಂದೆ.’

ಒಂಬತ್ತು ಗಂಟೆಗೆ ನಾನು ದೇವನಹಳ್ಳಿಯಲ್ಲಿ ಸಾಲು ಸೇರುತ್ತಿದ್ದೆ.

ಅವನು ಬಂದಾಗ ಅವ್ವನಿಗೆ ಎಚ್ಚರವಿತ್ತಂತೆ. ಮೊಮ್ಮಗನ ಮುಖ ಸವರಿ, ಹೆಸರು ಹಿಡಿದು ಕರೆದು, ‘ನಿಮ್ಮ ಮಾವ ಎಲ್ಲಿ?’ ಎಂದು ಕೇಳಿದಳಂತೆ. ಇವನು, ‘ಮಾವ ಇಮಾನದಾಗ ಬರ್ಲಾಕತ್ತಾನ, ಈಗ ಬರ್ತಾನ’ ಎಂದನಂತೆ. ಅವ್ವ ಮಾಳಿಗೆಯ ಜಂತಿಯ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಲಿ’ ಎಂದಳಂತೆ. ಮಧ್ಯಾಹ್ನದ ಬಳಿಕ ಅವಳ ಮಾತು ನಿಂತಿತು. ನಾನು ಹೋಗಿ ಕೈ ಹಿಡಿದಾಗ ಬೆರಳುಗಳನ್ನು ಒತ್ತಿದಳು, ಗುರುತಿಸಿದಳೆಂದೇ ನಂಬಿದ್ದೇನೆ. ಮೂರನೆಯ ದಿನ ಬೆಳಗಿನ ಜಾವದಲ್ಲಿ ಹೋದಳು.

ಎಷ್ಟೋ ದಿನಗಳ ಮೇಲೆ ನಾನು ಒಂದು ಕಾಗದದಲ್ಲಿ ಲೆಕ್ಕ ಹಾಕಿದೆ. ರಾಜಾಜಿನಗರದ ಬಾಗಿಲಿನಿಂದ ಸುರಪುರದ ಬಾಗಿಲಿನವರೆಗೆ ನನಗೆ ಹಿಡಿದ ಹೊತ್ತು ಎಂಟೂವರೆ ಗಂಟೆ. ಅದರಲ್ಲಿ ವಿಮಾನದ ಪಾಲು ಎಪ್ಪತ್ತು ನಿಮಿಷ, ಎಂದರೆ ಏಳನೆಯ ಒಂದು ಭಾಗಕ್ಕೂ ಕಡಿಮೆ. ಬಸ್ಸಿನಲ್ಲಿ ಬಂದ ಹುಡುಗನಿಗೆ ಹತ್ತೂವರೆ ಗಂಟೆ ಹಿಡಿದಿತ್ತು. ಆದುದರಿಂದ ವಿಮಾನ ಎರಡು ಗಂಟೆಯನ್ನು ಉಳಿಸಿದ್ದು ನಿಜ. ಆದರೆ ಫೋನು ಬಂದ ಗಳಿಗೆಯಿಂದ ಎಣಿಸಿದರೆ ಅವನು ಹನ್ನೊಂದೂವರೆ ಗಂಟೆಯಲ್ಲಿ ಮುಟ್ಟಿದ. ನಾನು ಹದಿನೆಂಟೂವರೆ ಗಂಟೆಯಲ್ಲಿ. ಅವನು ಕೂಡಲೇ ಹೊರಟ. ನಾನು ವೇಗವಾಗಿ ಹೋಗುವುದಕ್ಕಾಗಿ ಕಾಯ್ದೆ. ಪ್ರಯಾಣದ ಕಾಲವನ್ನು ಮಾತ್ರ ಎಣಿಸಿ ಕಾಯುವ ಕಾಲವನ್ನು ಬಿಟ್ಟದ್ದೇ ನನ್ನ ಲೆಕ್ಕದ ತಪ್ಪು.

ಈ ತಪ್ಪನ್ನು ನಾನೊಬ್ಬನೇ ಮಾಡುತ್ತೇನೆಂದು ತೋರುವುದಿಲ್ಲ. ನಾಡಿನ ಲೆಕ್ಕದಲ್ಲಿಯೂ ಅದು ನುಸುಳುತ್ತದೆ. ಸುರಪುರದ ಚರಿತ್ರೆಯನ್ನೇ ನೋಡಿರಿ. ಒಂದು ಕಾಲದಲ್ಲಿ ಅದೇ ರಾಜಧಾನಿ. ನಾಯಕ ಅರಸರ ಅರಮನೆ ಪ್ರಜೆಗೆ ನಡಿಗೆಯ ದೂರ. 1840ರ ದಶಕದಲ್ಲಿ ಅಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಕಾಲದಲ್ಲಿ ದೊಡ್ಡವರ ದೂರಪ್ರಯಾಣವೆಂದರೆ ಪಾಲಕಿ; ಹಂತಹಂತಕ್ಕೆ ಬೋಯಿಗಳು ಹೆಗಲು ಬದಲಿಸಬೇಕು. ಗುಡ್ಡದ ಮೇಲಿನ ಅವನ ಮನೆ ‘ಟೇಲರ್ ಮಂಜಿಲ್’ ಇಂದಿಗೂ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿದ್ದಿತು. 1860ರಲ್ಲಿ ಸಂಸ್ಥಾನ ನಿಜಾಮನ ಕೈಸೇರಿತು. ರಾಜಧಾನಿ ಇನ್ನೂರು ಕಿಲೋಮೀಟರು ಆಚೆಯ ಹೈದರಾಬಾದಾಯಿತು. 1871ರಲ್ಲಿ ಮುಂಬಯಿಯ ಹಳಿಯೂ ಮದ್ರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು; ಯಾದಗಿರಿ ಆ ಹಳಿಯ ಮೇಲಿನ ಊರಾಯಿತು, ಶಹಾಪುರ-ಸುರಪುರಗಳು ಹೊರಗುಳಿದವು. 1956ರಲ್ಲಿ ಕನ್ನಡ ನಾಡು ಒಂದಾದಾಗ ಭಾಷೆಯ ದೂರ ಅಳಿಯಿತು; ಅದು ಸಣ್ಣ ಲಾಭವಲ್ಲ. ಆದರೆ ರಾಜಧಾನಿಯ ದೂರ ಅದೇ ದಿನ ಇಮ್ಮಡಿಯಾಯಿತು.

ಈ ದೂರವನ್ನು ಕಡಿಮೆ ಮಾಡುವುದಕ್ಕೆ ಎರಡು ದಾರಿಗಳಿವೆ. ಮನುಷ್ಯನನ್ನು ವೇಗವಾಗಿ ಅಲ್ಲಿಗೆ ಒಯ್ಯುವುದು ಒಂದು. ಅಲ್ಲಿರುವುದನ್ನು ಇಲ್ಲಿಗೆ ತರುವುದು ಇನ್ನೊಂದು. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಕಲಬುರಗಿಗೆ ಬಂದಾಗ ಸುರಪುರದ ಕಕ್ಷಿದಾರನಿಗೆ ಬೆಂಗಳೂರಿನ ದಾರಿ ತಪ್ಪಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾದಾಗ ಜಿಲ್ಲಾ ಕಚೇರಿಯ ಅಂತರ ಸುಮಾರು ಅರ್ಧಕ್ಕೆ ಇಳಿಯಿತು. 2022ರಲ್ಲಿ ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತು. ಇವು ಯಾವುವೂ ಆಕಾಶದಲ್ಲಿ ಹಾರಲಿಲ್ಲ. ಆದರೆ ಬಡವನ ದಾರಿಯನ್ನು ಇವು ಗಿಡ್ಡ ಮಾಡಿದಷ್ಟು ವಿಮಾನ ಮಾಡಿಲ್ಲ. ಗದಗದಿಂದ ಸುರಪುರ, ಶಹಾಪುರ ತಾಲ್ಲೂಕುಗಳ ಮೂಲಕ ವಾಡಿಗೆ ಸೇರಬೇಕಾದ ಸುಮಾರು 250 ಕಿಲೋಮೀಟರಿನ ಹೊಸ ರೈಲುದಾರಿಯ ಪಶ್ಚಿಮ ಭಾಗ 2025ರಲ್ಲಿ ಕುಷ್ಟಗಿಯವರೆಗೆ ತೆರೆಯಿತು. ಅದು ಸುರಪುರವನ್ನು ಮುಟ್ಟಿದ ದಿನ ನಮ್ಮ ಅಕ್ಕನ ಮಗನಂಥವರು ಡ್ರೈವರನ ಪಕ್ಕದಲ್ಲಿ ಕುಳಿತು ಬರಬೇಕಾಗುವುದಿಲ್ಲ.

ವಿಮಾನ ಬೇಡವೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ತುರ್ತಿನಲ್ಲಿ ಎರಡು ಗಂಟೆಯೂ ದೊಡ್ಡದೇ. ಸಣ್ಣ ಪಟ್ಟಣಗಳ ವಿಮಾನಸೇವೆ ಪ್ರಯಾಣಿಕರ ಸಂಖ್ಯೆಯನ್ನೂ ಸರ್ಕಾರದ ನೆರವನ್ನೂ ನಂಬಿ ಬದುಕುವಂಥದು. ಅದು ನಿಲ್ಲದೆ ನಡೆಯಲೆಂದು ಹಾರೈಸುವವರಲ್ಲಿ ನಾನೂ ಒಬ್ಬ. ಆದರೆ ‘ಒಂದು ಗಂಟೆಯ ದಾರಿ’ ಎಂದು ಯಾರಾದರೂ ಹೇಳಿದಾಗ, ಯಾರ ಬಾಗಿಲಿನಿಂದ ಯಾರ ಬಾಗಿಲಿಗೆ ಎಂದು ಕೇಳುವ ಅಭ್ಯಾಸವನ್ನು ಮಾಡಿಕೊಂಡಿದ್ದೇನೆ.

ಈ ವರ್ಷ ತರಗತಿಯಲ್ಲಿ ‘ಕೂಗಳತೆ’ ಎಂಬ ಶಬ್ದ ಮತ್ತೆ ಬಂದಿತು. ಹುಡುಗರು ಎಂದಿನಂತೆ ನಕ್ಕರು. ‘ಅದು ಎಷ್ಟು ಮೀಟರ್ ಆಗುತ್ತದೆ ಸರ್?’ ಎಂದು ಒಬ್ಬ ಕೇಳಿದ. ಕರೆದರೆ ಕೇಳಿಸುವಷ್ಟು, ಕೇಳಿಸಿದ ಕೂಡಲೇ ಹೊರಟರೆ ಹೊತ್ತಿಗೆ ಮುಟ್ಟುವಷ್ಟು ಎಂದು ಹೇಳಿದೆ. ಫೋನಿನ ಈ ಕಾಲದಲ್ಲಿ ಬೆಂಗಳೂರಿನಿಂದ ಸುರಪುರಕ್ಕೂ ಕೂಗು ಕೇಳಿಸುತ್ತದೆ, ಮುಟ್ಟುವುದೊಂದು ಉಳಿದಿದೆ. ಹುಡುಗ ಅದನ್ನು ಬರೆದುಕೊಂಡ. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಮಾತ್ರ ಬರೆದುಕೊಳ್ಳದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ತಂದೆತಾಯಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆಂದು ಆಮೇಲೆ ತಿಳಿಯಿತು.